ಕಾಲೇಜು ಸೇರಿದರೆ ಕೈ ಕೆಡುತ್ತದೆಯೇ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಒಂಬತ್ತು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿದೆ. ಪಿಯುಸಿ ಆದಮೇಲೆ ಸಂಗೀತದಲ್ಲೇ ಪದವಿ ಮಾಡುತ್ತೇನೆ ಅನ್ನುತ್ತಾಳೆ. ಮೇಷ್ಟ್ರು, ಕಾಲೇಜಿಗೆ ಹಾಕಿದರೆ ಕೈ ಕೆಡುತ್ತೆ ಅಂತಾರೆ. ಮೈಸೂರಿಗೆ ಕಳಿಸಲೋ, ಚೆನ್ನೈಗೋ, ಬಿ.ಕಾಂ. ಮಾಡಿಸಿ ಮನೆಪಾಠ ಮುಂದುವರಿಸಲೋ?"

ಮೇಷ್ಟ್ರ ಮಾತನ್ನು ತಳ್ಳಿಹಾಕಬೇಡಿ. ಗಂಟೆ ಹೊಡೆದ ಕೂಡಲೇ ಪಾಠ ನಿಲ್ಲುವ ಕಡೆ ತೋಡಿ ರಾಗದ ಗಾಂಧಾರ ಸ್ವರ ಕೈಗೆ ಹತ್ತುವುದು ಕಷ್ಟವೇ. ಆದರೆ ಪಿಟೀಲಿನವರಿಗೆ ಪಾಠದಷ್ಟೇ ಮುಖ್ಯವಾದ ಇನ್ನೊಂದಿದೆ, ಹಾಡುವವರ ಜೊತೆ ನುಡಿಸುವ ರೂಢಿ. ಪಿಟೀಲು ವಿದ್ವಾಂಸ ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಗಾಯಕರು. ಚೌಡಯ್ಯನವರು ವರ್ಷಗಟ್ಟಲೆ ಕೇಳಿದ್ದು, ಹಿಂಬಾಲಿಸಿದ್ದು ಕಂಠವನ್ನು. ಮೈಕಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಕೊನೆಯ ಸಾಲಿಗೂ ಮುಟ್ಟಲೆಂದೇ ಅವರು ಏಳು ತಂತಿಯ ವಾದ್ಯ ಮಾಡಿಸಿಕೊಂಡರು. ನಮ್ಮ ಪಿಟೀಲುವಾದಕರ ಬದುಕಿನ ಹೆಚ್ಚಿನ ಭಾಗ ಪಕ್ಕವಾದ್ಯದಲ್ಲೇ ಕಳೆಯುತ್ತದೆ. ನಿಮ್ಮ ಮಗಳದ್ದೂ ಹಾಗೇ ಆಗುವ ಸಂಭವ ಹೆಚ್ಚು.

ನನ್ನ ಅಣ್ಣನ ಮಗ ಹತ್ತು ವರ್ಷ ಮನೆಯಲ್ಲೇ ಕಲಿತ. ಅಭ್ಯಾಸದ ವರ್ಣಗಳು ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ಶುದ್ಧ. ಒಂದು ರಾಮನವಮಿ ಚಪ್ಪರದಲ್ಲಿ ಮೊದಲ ಸಲ ಪಕ್ಕವಾದ್ಯಕ್ಕೆ ಕೂತ. ಗಾಯಕರ ಶ್ರುತಿ ಅವನ ರೂಢಿಗಿಂತ ಬಹಳ ಕೆಳಗೆ. ತಂತಿ ಸಡಿಲಾಯಿತು, ಬೆರಳಿನ ಒತ್ತು, ಕಮಾನಿನ ಭಾರ ಎಲ್ಲ ಲೆಕ್ಕ ತಪ್ಪಿತು. ನೆರವಲ್ ಬಂದಾಗ, ಅಂದರೆ ಗಾಯಕರು ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವಾಗ, ಹುಡುಗ ಕಮಾನನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿದ. ಮೃದಂಗದವರು ಅವನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿ ಧೈರ್ಯ ಹೇಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವನಿಗೆ ವಿದ್ಯೆಯೇನೂ ಕಡಿಮೆ ಇರಲಿಲ್ಲ. ಜೊತೆಗೆ ಹಾಡುವವರೇ ಸಿಕ್ಕಿರಲಿಲ್ಲ, ಅಷ್ಟೆ.

ಕಾಲೇಜು ಕೊಡಬಲ್ಲದ್ದು ಆ ಜೊತೆ. ಒಂದೇ ಕಟ್ಟಡದಲ್ಲಿ ಹಾಡುವ ಹುಡುಗಿಯರು, ಹುಡುಗರು, ಮೃದಂಗದವರು. ಮಧ್ಯಾಹ್ನ ಖಾಲಿ ಕೊಠಡಿಯಲ್ಲಿ ಒಬ್ಬಳು ಐದರ ಎತ್ತರದ ಶ್ರುತಿಗೆ ಕಲ್ಯಾಣಿ ರಾಗ ಹಿಡಿದರೆ, ಸಂಜೆ ಇನ್ನೊಬ್ಬ ಒಂದೂವರೆಯ ತಗ್ಗಿನ ಶ್ರುತಿಗೆ ಖರಹರಪ್ರಿಯ. ತಪ್ಪಿದರೆ ನಗುವವರೂ ಅವರೇ, ಇನ್ನೊಂದು ಸಲ ನೋಡೋಣ ಬಾ ಎನ್ನುವವರೂ ಅವರೇ.

ಅದಕ್ಕೇ ನಾನು ಮೈಸೂರು ಎನ್ನುತ್ತೇನೆ. ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜಿದೆ, ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಕಾಲೇಜಿನ ಹೊರಗೆ ಒಬ್ಬ ಗುರುವಿನ ಬಳಿ ಪಾಠ ಮುಂದುವರಿಸಲು ಆ ಊರಲ್ಲಿ ಕಷ್ಟವಿಲ್ಲ. ಅಲ್ಲಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣೇಶೋತ್ಸವದ ಕಛೇರಿಗಳನ್ನು ಮುಂದಿನ ಸಾಲಲ್ಲಿ ಕೂತು ಕೇಳುವುದೂ ಪಾಠವೇ. ಹಾಸನದ ಮೇಷ್ಟ್ರನ್ನೂ ಬಿಡಬೇಕಿಲ್ಲ, ರಜೆಗೆ ಬಂದಾಗ ನುಡಿಸಿ ತೋರಿಸಲಿ.

ಚೆನ್ನೈಯ ಸರ್ಕಾರಿ ಸಂಗೀತ ಕಾಲೇಜು 1949ರಲ್ಲಿ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಪ್ರಾಂಶುಪಾಲರಾಗಿ ಶುರುವಾದದ್ದು, ದೊಡ್ಡ ಹೆಸರು. ಆದರೂ ಹದಿನೇಳರ ಹುಡುಗಿಗೆ ಅದು ಮೊದಲ ಹೆಜ್ಜೆಯಾಗುವುದು ಬೇಡವೆಂದು ನನ್ನ ಅನಿಸಿಕೆ. ಅಲ್ಲಿ ಪಿಟೀಲಿನವರಿಗೆ ಬರವಿಲ್ಲ, ಹೊಸಬಳಿಗೆ ಪಕ್ಕದಲ್ಲಿ ಜಾಗ ಸಿಗುವುದು ತಡ. ಮಾರ್ಗಳಿಯಲ್ಲಿ, ಡಿಸೆಂಬರಿನ ಸಂಗೀತೋತ್ಸವದ ಹೊತ್ತಿಗೆ, ಹೋಗಿ ಹತ್ತು ದಿನ ಕೇಳಿ ಬರಲಿ. ಎಂ.ಎ. ಹೊತ್ತಿಗೆ ಮತ್ತೆ ಯೋಚಿಸಿ.

ಸೇರಿಸುವ ಮುಂಚೆ ಒಂದು ದಿನ ಅವಳನ್ನು ಮೈಸೂರಿನ ಕಾಲೇಜಿಗೆ ಕರೆದುಕೊಂಡು ಹೋಗಿ, ಪಿಟೀಲು ಜೊತೆಗಿರಲಿ. ಕಚೇರಿಯಲ್ಲಿ ಶುಲ್ಕ ಕೇಳುವುದು ಆಮೇಲೆ. ಮೊದಲು ಎರಡನೇ ವರ್ಷದ ಪಿಟೀಲು ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ಕಳೆದ ತಿಂಗಳು ಎಷ್ಟು ಸಲ ಹಾಡಿಗೆ ನುಡಿಸಿದಿರಿ ಎಂದು ಕೇಳಿ. ಪಿಟೀಲಿಗೆ ಈಗ ಪಾಠ ಹೇಳುತ್ತಿರುವವರು ಕಾಯಂ ಇದ್ದಾರೋ ಅತಿಥಿ ಉಪನ್ಯಾಸಕರೋ ಅದನ್ನೂ ಕೇಳಿ. ಅತಿಥಿಗಳಲ್ಲಿ ಬಹಳ ಒಳ್ಳೆಯವರಿರುತ್ತಾರೆ, ಆದರೆ ಮುಂದಿನ ವರ್ಷ ಅವರೇ ಇರುತ್ತಾರೆಂಬ ಭರವಸೆ ಇರುವುದಿಲ್ಲ.

ಬಿ.ಕಾಂ. ಮಾತು ಹೊಟ್ಟೆಪಾಡಿನ ಚಿಂತೆಯಿಂದ ಬಂದದ್ದೆಂದು ನನಗೆ ಅರ್ಥವಾಗುತ್ತದೆ. ಸಂಗೀತದ ಪದವಿಯ ಮೇಲೆ ಎಂ.ಎ. ಮಾಡಿ ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸಾದರೆ ಕಾಲೇಜಿನಲ್ಲಿ ಕಲಿಸುವ ದಾರಿ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಹಾಗೆ ಕಲಿತಿದ್ದಾಳೆಂಬ ಪತ್ರ ಬರೆದುಕೊಡಬೇಕಾದವರು ನಿಮ್ಮ ಮೇಷ್ಟ್ರೇ. ಅವರ ಮನೆಗೆ ಹೋಗಿ, ಮೈಸೂರಿನ ವಿಷಯ ಮೊದಲು ಅವರಿಗೇ ಹೇಳಿ.