ಉಕ್ತಲೇಖನದಲ್ಲಿ ಅಂಕಕ್ಕಿಂತ ತಪ್ಪಿನ ಬಗೆ ನೋಡಿ

ಮೇಡಂ, ಓದೋಕೆ ಬರೋ ಮೂರನೇ ಕ್ಲಾಸಿನ ಮಕ್ಕಳೇ ಉಕ್ತಲೇಖನದಲ್ಲಿ 20ಕ್ಕೆ 5 ತೆಗೀತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಪದಗಳನ್ನ 10ಕ್ಕೆ ಇಳಿಸಿ. ಪದ ಹೇಳಿ, ವಾಕ್ಯದಲ್ಲಿ ಬಳಸಿ, ಮತ್ತೆ ಪದ ಹೇಳಿ, ಬರೆಯೋಕೆ 15 ಸೆಕೆಂಡ್ ಕೊಡಿ. ವಾಕ್ಯ ಬೇಕೇ ಬೇಕು. ಬೆಂಗಳೂರಿನ ಎಷ್ಟೋ ಮನೆಗಳ ಮಾತಲ್ಲಿ ಹಕಾರ ಕೇಳಿಸೋದೇ ಇಲ್ಲ. ನೀವು 'ಹಕ್ಕಿ' ಅಂದರೆ ಮಗು 'ಅಕ್ಕಿ' ಬರೆಯುತ್ತೆ, ಅದೂ ಒಂದು ಪದವೇ. 'ಹಕ್ಕಿ ಗೂಡು ಕಟ್ಟಿತು' ಅಂದರೆ ಗೊಂದಲ ಇರಲ್ಲ. ಎಳೆದೆಳೆದು ಮಾತ್ರ ಹೇಳಬೇಡಿ, ಹ್ರಸ್ವವೂ ದೀರ್ಘವಾಗಿ ಕೇಳಿಸಿ 'ಹಕ್ಕೀ' ಆಗುತ್ತೆ.

ತಿದ್ದುವಾಗ ಬರೀ ಇಂಟು ಹಾಕಬೇಡಿ. ಪಕ್ಕದಲ್ಲಿ ದೀ, ಒ, ಮ, ಹ ಅಂತ ಗುರುತು ಮಾಡಿ: ದೀರ್ಘ, ಒತ್ತು, ಮಹಾಪ್ರಾಣ, ಹಕಾರ. ಮೂರ್ನಾಲ್ಕು ಉಕ್ತಲೇಖನ ಆಗೋ ಹೊತ್ತಿಗೆ ಯಾವ ಮಗು ಎಲ್ಲಿ ಎಡವುತ್ತೆ ಅಂತ ಪುಸ್ತಕವೇ ಹೇಳುತ್ತೆ.

ಅರ್ಕಾವತ್ತನ್ನು ಬೇರೆಯಾಗಿಯೇ ಕಲಿಸಿ. 'ಸೂರ್ಯ' ಅನ್ನುವಾಗ ರ್ ಮೊದಲು ಕೇಳಿಸುತ್ತೆ, ಬರೆಯುವಾಗ ಅರ್ಕಾವತ್ತು ಯ ಆದಮೇಲೆ ಬರುತ್ತೆ. 'ಸೂರಯ' ಅಂತ ಬರೆದ ಮಗುವಿನ ಕಿವಿ ಸರಿಯಾಗೇ ಇದೆ, ಅರ್ಧ ಅಂಕ ಖಂಡಿತ ಕೊಡಿ.

ತಪ್ಪಾದ ಪದಗಳಲ್ಲಿ 3 ಮಾತ್ರ ಮುಂದಿನ ವಾರದ ಪಟ್ಟಿಗೆ ಸೇರಿಸಿ.