ಚಿತ್ರದುರ್ಗದ ಇತಿಹಾಸ ಹೇಳುವ ಚಿತ್ರನಕ್ಷೆಗಳನ್ನು ಸಂಗ್ರಹಿಸಬೇಕು ಅಂತಿದ್ದೇನೆ. ನಕ್ಷೆ ಎಷ್ಟು ಹಳೆಯದು ಅಂತ ಹೇಗೆ ತಿಳಿಯುವುದು?

ಚಿತ್ರನಕ್ಷೆಯಲ್ಲಿ ಅಳತೆಗಿಂತ ಕಥೆ ಮುಖ್ಯ. ಕೋಟೆಯ ಏಳು ಸುತ್ತು, ಒನಕೆ ಓಬವ್ವನ ಕಿಂಡಿ, ಚಂದ್ರವಳ್ಳಿಯ ಕೆರೆ, ಆಚೆ ಬ್ರಹ್ಮಗಿರಿಯ ಅಶೋಕನ ಶಾಸನ, ಎಲ್ಲವೂ ಒಂದೇ ಹಾಳೆಯಲ್ಲಿ ಚಿತ್ರವಾಗಿ ಬರುತ್ತವೆ. ಅದಕ್ಕೇ ಇವು ನನಗೆ ಅಷ್ಟು ಇಷ್ಟ.

ಮುದ್ರಣದ ವರ್ಷ ಹಾಕಿರದಿದ್ದರೆ ಗಡಿ ನೋಡಿ. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ನಕ್ಷೆಯಲ್ಲಿ ಅದು ಪ್ರತ್ಯೇಕವಾಗಿದ್ದರೆ, ಮಾರುವವರು ಎಷ್ಟೇ ಹಳೆಯದು ಅಂದರೂ ನಂಬಬೇಡಿ. ರಾಜ್ಯದ ಹೆಸರು ಕರ್ನಾಟಕ ಎಂದಿದ್ದರೆ ಅದು ಸಾಮಾನ್ಯವಾಗಿ 1973ರ ನಂತರದ್ದು. ಆದರೆ ಹಳೇ ಗಡಿ ಇದ್ದ ಮಾತ್ರಕ್ಕೆ ಹಾಳೆಯೂ ಹಳೆಯದಲ್ಲ, ಮರುಮುದ್ರಣ ಇರಬಹುದು. ಭೂತಗನ್ನಡಿ ಹಿಡಿದು ನೋಡಿ. ಕಾಗದದ ಮಡಿಕೆ, ಕಲೆಗಳೂ ಮುದ್ರಣದ ಚುಕ್ಕಿಗಳಲ್ಲೇ ಮೂಡಿದ್ದರೆ ಅದು ನಕಲು.

ಬ್ರಿಟಿಷರ ಕಾಲದ ನಕ್ಷೆ ಹುಡುಕುವಾಗ, ಆಗ ಚಿತ್ರದುರ್ಗವನ್ನು ಬರೆಯುತ್ತಿದ್ದ ಹಾಗೆ ‘ಚಿತಲ್‌ದ್ರೂಗ್’ (Chitaldroog) ಅಂತಲೂ ಹಾಕಿ. ಡೇವಿಡ್ ರಮ್ಸಿ (David Rumsey) ನಕ್ಷೆ ಸಂಗ್ರಹದ ಜಾಲತಾಣದಲ್ಲಿ ಸಾವಿರಾರು ಹಳೇ ನಕ್ಷೆಗಳನ್ನು ಉಚಿತವಾಗಿ ನೋಡಬಹುದು. ದುಡ್ಡು ಹಾಕುವ ಮೊದಲು ಅಲ್ಲಿ ಕಣ್ಣು ಪಳಗಲಿ. ಪ್ರವಾಸಿ ನಕ್ಷೆಗಳನ್ನೂ ಸುಮ್ನೆ ಬಿಸಾಡಬೇಡಿ. ಅಗ್ಗದವು, ಯಾರೂ ಎತ್ತಿಡುವುದಿಲ್ಲ, ಹಾಗಾಗಿ ಬೇಗ ಕಣ್ಮರೆಯಾಗುತ್ತವೆ. ಸಂತೇಬೆನ್ನೂರಿನ ಪುಷ್ಕರಣಿ, ಹರಿಹರದ ದೇವಸ್ಥಾನ ಬಿಡಿಸಿದ ನಕ್ಷೆ ಕಂಡರೆ ನಾನಂತೂ ಬಿಡುವುದಿಲ್ಲ.

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ, ಮತ್ತೆ ಬಿಡಿಸಲು ಆಗಲ್ಲ. ಹರಿದ ಕಡೆ ಸೆಲೋಟೇಪ್ ಕೂಡ ಬೇಡ, ಅದರ ಅಂಟು ಹಳದಿ ಕಲೆ ಉಳಿಸುತ್ತದೆ. ಆಮ್ಲರಹಿತ ಕಾಗದದ ನಡುವೆ ಮಡಚದೆ ಇಡಿ. ಫ್ರೇಮ್ ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.