ಕಾಫಿಗೆ ನೀರು ಹಾಯಿಸುವ ಕೆರೆಯಲ್ಲಿ ಮೀನು: ಲೆಕ್ಕ ಕೂಡಿಬರುತ್ತದೆಯೇ?

ಪ್ರಶ್ನೆ: ನಮ್ಮ ರೊಬಸ್ಟಾ ಕಾಫಿ ತೋಟದಲ್ಲಿ ಅರ್ಧ ಎಕರೆಯ ಕೆರೆ ಇದೆ. ತುಂಬಿದಾಗ 12 ಅಡಿ ನೀರು, ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ಮುಗಿಯುವಾಗ ಮೊಣಕಾಲುದ್ದ. ಎರಡು ವರ್ಷ ಜುಲೈಯಲ್ಲಿ ಮೀನುಮರಿ ಬಿಟ್ಟೆವು. ಮಾರ್ಚ್‌ನಲ್ಲಿ ಹಿಡಿದರೆ ಅಂಗೈ ಅಗಲವೂ ಇಲ್ಲ. ಇದರಲ್ಲಿ ನಿಜಕ್ಕೂ ಲಾಭವಿದೆಯೇ?
— ಕೊಡಗಿನ ಸಿದ್ದಾಪುರ ಕಡೆಯ ಓದುಗರು

ಉತ್ತರ: ಲಾಭವಿದೆ, ಆದರೆ ಮರಿ ಬಿಡುವ ತಿಂಗಳು ಬದಲಾಗಬೇಕು, ಮರಿಯ ಗಾತ್ರವೂ ಬದಲಾಗಬೇಕು. ಬಯಲುಸೀಮೆಯಲ್ಲಿ ಎರಡಿಂಚಿನ ಮರಿ ಬಿಟ್ಟು ಹತ್ತು–ಹನ್ನೆರಡು ತಿಂಗಳು ಕಾಯುತ್ತಾರೆ. ನಿಮ್ಮ ಕೆರೆಗೆ ಅಷ್ಟು ಕಾಲವಿಲ್ಲ. ಜುಲೈಯಲ್ಲಿ ಬಿಟ್ಟ ಮರಿಗಳಲ್ಲಿ ಎಷ್ಟೋ ಕೋಡಿ ನೀರಿನ ಜೊತೆ ಹೊಳೆ ಸೇರಿರುತ್ತವೆ. ಬಿಸಿಲಿಲ್ಲದ ಮಳೆಗಾಲದಲ್ಲಿ ನೀರಿನಲ್ಲಿ ಪಾಚಿ ಹುಟ್ಟದು, ಮೀನು ಬೆಳೆಯದು. ಡಿಸೆಂಬರ್–ಜನವರಿಯ ಚಳಿಗೆ ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನುಗಳು ತಿನ್ನುವುದನ್ನೇ ಕಡಿಮೆ ಮಾಡುತ್ತವೆ. ಇವೆಲ್ಲ ಕಳೆದರೆ ನಿಜವಾಗಿ ಬೆಳೆಯುವ ಕಾಲ ಮೂರು–ನಾಲ್ಕು ತಿಂಗಳು ಅಷ್ಟೇ.

ಆದ್ದರಿಂದ ಒಂದು ವರ್ಷ ತಡೆದು ಸಾಕಿದ, 80–100 ಗ್ರಾಂ ತೂಕದ ಮರಿಯನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೋಡಿ ಹರಿಯುವುದು ನಿಂತ ಮೇಲೆ ಬಿಡಿ. ಮರಿಸಾಕಣೆಗೆ ಬೇಸಿಗೆಯಲ್ಲೂ ನೀರಿರುವ ಎರಡು ಸೆಂಟಿನ ಹೊಂಡ ಸಾಕು. ಆಗಸ್ಟ್‌ನಲ್ಲಿ ಎರಡಿಂಚಿನ 800 ಮರಿ ತಂದು ಅದರಲ್ಲಿ ಒತ್ತೊತ್ತಾಗಿ ಬಿಡಿ, ಮುಂದಿನ ವರ್ಷದ ಸೆಪ್ಟೆಂಬರ್ ತನಕ ಮೇವು ಬಿಗಿಹಿಡಿದು ಕೊಡಿ. ಹೀಗೆ ಅರೆಹೊಟ್ಟೆಯಲ್ಲಿ ಬೆಳೆದ ಮರಿ ದೊಡ್ಡ ಕೆರೆಗೆ ಬಿದ್ದಾಗ, ಹಿಂದೆ ತಪ್ಪಿದ ಬೆಳವಣಿಗೆಯನ್ನೆಲ್ಲ ಒಮ್ಮೆಗೇ ತೀರಿಸಿಕೊಳ್ಳುವಂತೆ ಬೆಳೆಯುತ್ತದೆ. ನೀರುಕಾಗೆಯ ಬಾಯಿಗೂ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಏಪ್ರಿಲ್‌ನಲ್ಲಿ ಕೆರೆಯ ತಳ ಕಾಣುವಾಗಲೇ ಅರ್ಧ ಎಕರೆಗೆ 200 ಕೆಜಿ ಸುಣ್ಣ ಎರಚಿ. ಇಲ್ಲಿನ ಮಣ್ಣು ಹುಳಿ, ನೀರಿನ ಪಿಎಚ್ ಆರರ ಹತ್ತಿರವೇ ಇರುತ್ತದೆ; ಮೀನಿಗೆ ಬೇಕಾದದ್ದು 7ರಿಂದ 8.5. ಮಳೆಗಾಲಕ್ಕೆ ಮೊದಲು ಕೋಡಿಗೆ ಬಲೆ ಕಟ್ಟಿ. ಬಲೆಯ ಮೇಲೆ ಸಿಲ್ವರ್ ಓಕ್ ಮರದ ಎಲೆ ಕೂತರೆ ನೀರು ಏರಿಯ ಮೇಲೆ ಹತ್ತುತ್ತದೆ, ಹಾಗಾಗಿ ಮಳೆ ಜೋರಾದ ದಿನ ಯಾರಾದರೂ ಹೋಗಿ ಎಲೆ ಬಾಚಲೇಬೇಕು.

ಮರಿ ಒಟ್ಟು 600 ಸಾಕು: ಕಾಟ್ಲಾ 240, ರೋಹು 180, ಸಾಮಾನ್ಯ ಗೆಂಡೆ 180. ಮೃಗಾಲ್ ತಳ ಹಿಡಿದು ಬಲೆಗೆ ಬೀಳದೆ ಕಾಡುತ್ತದೆ, ತೋಟದ ಏರುಪೇರಿನ ಕೆರೆಗೆ ಅದು ಬೇಡ. ಸಾಮಾನ್ಯ ಗೆಂಡೆ ಉಳಿದೆರಡಕ್ಕಿಂತ ಚಳಿ ತಡೆಯುತ್ತದೆ, ಆದರೆ ಮಣ್ಣಿನ ಏರಿಯನ್ನು ಕೆದಕುವ ಚಾಳಿ ಇದೆ. ಏರಿಗೆ ಹುಲ್ಲು ಹಿಡಿಸಿರಿ. ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಸಮ ಕಲಸಿ, ಹಳೆಯ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ಅಡಿಯಲ್ಲಿ ಪೆನ್ಸಿಲ್ ದಪ್ಪದ ಹತ್ತಿಪ್ಪತ್ತು ತೂತು ಮಾಡಿ ತುಂಬಿ. ಬಿದಿರಿನ ಗಳಕ್ಕೆ ಕಟ್ಟಿ ಅರ್ಧ ಮುಳುಗುವಂತೆ ಇಳಿಬಿಡಿ. ಮೊದಲಿಗೆ ದಿನಕ್ಕೆ ಒಂದೂವರೆ ಕೆಜಿ. ಮರುದಿನ ಚೀಲದಲ್ಲಿ ಮೇವು ಉಳಿದಿದ್ದರೆ ಕಡಿಮೆ ಮಾಡಿ, ಖಾಲಿಯಿದ್ದರೆ ತುಸು ಹೆಚ್ಚಿಸಿ. ನೀರೊಳಗಿರುವ ಪಂಪಿನ ಪೈಪಿನ ತುದಿಯ (ಫುಟ್ ವಾಲ್ವ್) ಸುತ್ತ ಜಾಲರಿಯ ಪೆಟ್ಟಿಗೆ ಇಡುವುದನ್ನು ಮರೆಯಬೇಡಿ.

ಹಿಡಿಯುವುದು ಯಾವಾಗ? ಹನ್ನೆರಡಡಿ ನೀರಿನಲ್ಲಿ ಬಲೆ ಎಳೆದು ಪ್ರಯೋಜನವಿಲ್ಲ. ಹೂವಿನ ನೀರಿಗೆ ಪಂಪು ಓಡಿ ಮಟ್ಟ ನಾಲ್ಕೈದಡಿಗೆ ಇಳಿದ ಮರುದಿನ, ಬೆಳಗಿನ ತಂಪಿನಲ್ಲೇ ಎಳೆಯಿರಿ. ಸುಮಾರು 500 ಮೀನು, ತಲಾ ಅರ್ಧ ಕೆಜಿ ಎಂದು ಕೈಬಿಗಿ ಹಿಡಿದೇ ಲೆಕ್ಕ ಹಾಕೋಣ: 250 ಕೆಜಿ. ದಂಡೆಯಲ್ಲಿ ಕೆಜಿಗೆ 160 ರೂಪಾಯಿ ಸಿಕ್ಕರೆ 40,000. ಮೇವಿಗೆ 15,000, ಮರಿ ಮತ್ತು ಮರಿಹೊಂಡಕ್ಕೆ 5,000, ಸುಣ್ಣ, ಬಲೆ, ಆಳಿಗೆ 5,000 ತೆಗೆದರೆ ಕೈಯಲ್ಲಿ 15,000. ಶ್ರೀಮಂತರಾಗುವ ಬಾಬ್ತಲ್ಲ, ಹೂವಿನ ನೀರಿನ ಡೀಸೆಲ್ ಖರ್ಚಿಗೆ ಒಂದು ಆಸರೆ. ಮಧ್ಯವರ್ತಿಗೆ ಒಟ್ಟಿಗೆ ಕೊಟ್ಟರೆ ಇದೂ ಉಳಿಯದು. ಲೈನ್ ಮನೆಗಳಲ್ಲಿರುವ ಅಸ್ಸಾಂ, ಬಂಗಾಳದ ಕಾರ್ಮಿಕರಿಗೆ ರೋಹು, ಕಾಟ್ಲಾ ಎಂದರೆ ಊರಿನ ಮೀನು. ಜೀವಂತ ಮೀನನ್ನು ದಂಡೆಯಲ್ಲೇ ತೂಗಿ ಕೊಡಿ.

ಬೇಸಿಗೆಯಲ್ಲೂ ಐದಡಿ ನೀರು ನಿಲ್ಲುವ ಇನ್ನೊಂದು ಕೆರೆ ಇದ್ದರೆ, ಅದರ ಮೀನನ್ನು ಜೂನ್ ತನಕ ಇಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಘಟ್ಟ ಹತ್ತಿ ಬರುವ ಸಮುದ್ರದ ಮೀನು ಕಡಿಮೆಯಾದಾಗ ಕೆರೆ ಮೀನನ್ನು ಕೇಳುವವರು ಹೆಚ್ಚುತ್ತಾರೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಒಂದೇ ರಾತ್ರಿಗೆ ಕೆರೆಯ ಮೀನೆಲ್ಲ ಸತ್ತು ತೇಲಿದವು. ರೋಗವೇ?
— ಮಾದಾಪುರದ ಓದುಗರು

ಉತ್ತರ: ನಿಮ್ಮದು ಅರೇಬಿಕಾ ಪ್ರದೇಶ, ತಿಂಗಳು ಡಿಸೆಂಬರ್. ಮೊದಲು ನೋಡಬೇಕಾದದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ (ಪಲ್ಪರ್) ನೀರು ಎಲ್ಲಿ ಹರಿಯುತ್ತಿದೆ ಎಂಬುದನ್ನು. ಹಣ್ಣಿನ ಸಿಪ್ಪೆ, ಲೋಳೆಯ ಸಕ್ಕರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ, ನೀರನ್ನು ಹುಳಿಯಾಗಿಸುತ್ತದೆ. ರೋಗವಾದರೆ ಮೀನು ದಿನಕ್ಕೆ ನಾಲ್ಕೈದರಂತೆ ಸಾಯುತ್ತದೆ. ಎಲ್ಲವೂ ಒಂದೇ ರಾತ್ರಿ, ಅದೂ ದೊಡ್ಡವೇ ಮೊದಲು ಸತ್ತರೆ ಉಸಿರುಗಟ್ಟಿದೆ ಎಂದರ್ಥ. ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುವುದು ಕಂಡರೆ ತಕ್ಷಣ ಮೇವು ನಿಲ್ಲಿಸಿ, ಪಂಪಿನಿಂದ ಅದೇ ನೀರನ್ನು ಎತ್ತಿ ಕೆರೆಗೇ ಚಿಮ್ಮಿಸಿ.

ಇನ್ನೊಂದು ಶತ್ರು ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ. ಅದರಲ್ಲಿರುವ ಮೈಲುತುತ್ತ ಕೊಡಗಿನಂಥ ಮೆದು, ಹುಳಿ ನೀರಿನಲ್ಲಿ ಮೀನಿಗೆ ಇನ್ನಷ್ಟು ವಿಷ. ಸಿಂಪಡಿಸಿದ ಡ್ರಮ್ಮನ್ನು ಕೆರೆಯಲ್ಲಿ ತೊಳೆಯಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ನಮ್ಮದು ಮಹಿಳಾ ಸ್ವಸಹಾಯ ಸಂಘ. ಹೊಸ ಕೊಳ ತೋಡಿಸಲು ಸಹಾಯಧನ ಇದೆಯೇ? ಬೇಗ ಬೆಳೆಯುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಹುದೇ?
— ಕುಶಾಲನಗರ ಕಡೆಯ ಓದುಗರು

ಉತ್ತರ: ಕ್ಯಾಟ್‌ಫಿಶ್ ಬೇಡ, ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ನಿಮ್ಮ ಕೊಳದ ಕೋಡಿ ಕೊನೆಗೆ ಸೇರುವುದು ಕಾವೇರಿಯನ್ನು. ಅಳಿವಿನಂಚಿನಲ್ಲಿರುವ ಮಹಶೀರ್ ಇರುವ ಹೊಳೆಗೆ ಸಿಕ್ಕಿದ್ದನ್ನೆಲ್ಲ ನುಂಗುವ ಮೀನು ಹೋಗಬಾರದು. ಸಹಾಯಧನದ ವಿಷಯಕ್ಕೆ ಬಂದರೆ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ. 40 ಸಾಮಾನ್ಯ ವರ್ಗಕ್ಕೆ, ಶೇ. 60 ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಎಂದು ನಿಗದಿಯಾಗಿದೆ. ಈ ವರ್ಷದ ಗುರಿಯಲ್ಲಿ ಜಾಗ ಉಳಿದಿದೆಯೇ ಎಂದು ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಮಂಜೂರಾತಿ ಕೈಗೆ ಬರುವ ಮೊದಲು ಜೆಸಿಬಿ ಕರೆಸಬೇಡಿ.